ಕೆರೊಟಿಡ್ ಮಾಡೆಲ್‌ಗೆ ಮ್ಯಾಗ್ನೆಟ್ ಸೇರಿಸಿದರೆ ನೂರಕ್ಕೆ 60 ಕಣ ಹಿಡಿಯುತ್ತಿದೆ: ನಂಬಬಹುದಾ?

ಕೊನೇ_ಸೆಮಿಸ್ಟರ್:

ಎಲ್ಲರಿಗೂ ನಮಸ್ಕಾರ. ಬಯೋಮೆಡಿಕಲ್ ಕೊನೇ ವರ್ಷದ ಪ್ರಾಜೆಕ್ಟ್. ಕತ್ತಿನಲ್ಲಿ ಕೆರೊಟಿಡ್ ರಕ್ತನಾಳ ಕವಲೊಡೆಯುವ ಜಾಗದ ಹೊರಗೆ ಮ್ಯಾಗ್ನೆಟ್ ಇಟ್ಟು, ಔಷಧಿ ಹೊತ್ತ ಕಬ್ಬಿಣದ ಆಕ್ಸೈಡ್ ಕಣಗಳನ್ನು ನಾಳದ ಗೋಡೆಗೆ ಎಳೆದು ನಿಲ್ಲಿಸುವ ಸಿಮ್ಯುಲೇಷನ್.

ಸೆಟಪ್: ಓಪನ್‌ಫೋಮ್ (ದ್ರವದ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್). ಸಿಟಿ ಸ್ಕ್ಯಾನ್‌ನಿಂದ 3ಡಿ ಸ್ಲೈಸರ್‌ನಲ್ಲಿ ತೆಗೆದ ಎಸ್‌ಟಿಎಲ್ (ನಾಳದ ಮೈಯ 3ಡಿ ಫೈಲ್), 4 ಲಕ್ಷ ಸೆಲ್‌ನ ಮೆಶ್ (ಲೆಕ್ಕಕ್ಕಾಗಿ ನಾಳವನ್ನು ಸಣ್ಣ ತುಂಡುಗಳಾಗಿ ಹಂಚಿದ ಜಾಲ). ನಾಳದ ವ್ಯಾಸ 6 ಮಿ.ಮೀ. ಇನ್‌ಲೆಟ್‌ನಲ್ಲಿ ನಾಡಿಬಡಿತದ ವೇಗ, ಸರಾಸರಿ ಸೆಕೆಂಡಿಗೆ 0.25 ಮೀಟರ್. ಎರಡೂ ಔಟ್‌ಲೆಟ್‌ನಲ್ಲಿ ಒತ್ತಡ ಸೊನ್ನೆ. ಮೂರು ಬಡಿತ ಓಡಿಸಿದ್ದು. ಕಣದ ವ್ಯಾಸ 200 ನ್ಯಾನೋಮೀಟರ್, ಬಿಟ್ಟಿದ್ದು 10,000 ಕಣ. ಎನ್52 (ಬಹಳ ಬಲವಾದ ನಿಯೋಡಿಮಿಯಂ ಗ್ರೇಡ್) ಸಿಲಿಂಡರ್ ಮ್ಯಾಗ್ನೆಟ್, 40 ಮಿ.ಮೀ. ವ್ಯಾಸ, 40 ಮಿ.ಮೀ. ಉದ್ದ, ನಾಳದಿಂದ 20 ಮಿ.ಮೀ. ದೂರ. ಹಲವು ಪೇಪರ್‌ಗಳಲ್ಲಿ ಇರುವ ಹಾಗೆ ಹಾರ್ಟ್‌ಮನ್ ಸಂಖ್ಯೆ (ಹರಿವಿನ ಮೇಲೆ ಕಾಂತಬಲ ಎಷ್ಟು ಪ್ರಬಲ ಅನ್ನೋ ಅಳತೆ) 5 ಇಟ್ಟು, ಹರಿಯುವ ರಕ್ತದ ಮೇಲೆ ಫೀಲ್ಡ್ ಹಾಕುವ ಲೊರೆಂಟ್ಸ್ ಬಲವನ್ನೂ ಸೇರಿಸಿದೆ.

ಫಲಿತಾಂಶ: ನೂರಕ್ಕೆ 60 ಕಣ ಹಿಡಿದಿವೆ. ಗೈಡ್ ಕೇಳಿದ್ದು ಒಂದೇ ಪ್ರಶ್ನೆ, "ಇದನ್ನು ನಂಬೋದು ಹೇಗೆ?" ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ಹೇಳಿ.

ಕಾಂತರೇಖೆ:

ಸಾಲ್ವರ್ ಪಕ್ಕಕ್ಕಿಡಿ, ಕ್ಯಾಲ್ಕ್ಯುಲೇಟರ್ ತೆಗೀರಿ. ಈ ಲೆಕ್ಕಕ್ಕೆ ಒಂದು ಹಾಳೆ ಸಾಕು.

ಮೊದಲು ಮ್ಯಾಗ್ನೆಟ್. ಸಿಲಿಂಡರ್‌ನ ಅಕ್ಷದ ಮೇಲೆ ಫೀಲ್ಡ್ ಎಷ್ಟು ಅನ್ನೋದಕ್ಕೆ ನೇರ ಸೂತ್ರವೇ ಇದೆ. ಎನ್52ರ ರೆಮನೆನ್ಸ್ (ಮ್ಯಾಗ್ನೆಟ್‌ನಲ್ಲಿ ಉಳಿದಿರುವ ಕಾಂತತೆ) 1.45 ಟೆಸ್ಲಾ ಅಂತ ಹಿಡಿದರೆ ನಿಮ್ಮ ಮ್ಯಾಗ್ನೆಟ್‌ನ ಮುಖದ ಮೇಲೆ 0.65 ಟೆಸ್ಲಾ ಬರುತ್ತದೆ. 10 ಮಿ.ಮೀ. ದೂರಕ್ಕೆ 0.35, 20ಕ್ಕೆ 0.175, 30ಕ್ಕೆ 0.094, 50ಕ್ಕೆ 0.035. ಆದರೆ ಕಣವನ್ನು ಎಳೆಯುವುದು ಬರೀ ಫೀಲ್ಡ್ ಅಲ್ಲ, ಜಾಗದಿಂದ ಜಾಗಕ್ಕೆ ಅದು ಎಷ್ಟು ಬದಲಾಗುತ್ತದೆ ಅನ್ನೋದು, ಅಂದರೆ ಗ್ರೇಡಿಯೆಂಟ್. ಅದು ಮುಖದ ಮೇಲೆ ಮೀಟರಿಗೆ 33 ಟೆಸ್ಲಾ, 10 ಮಿ.ಮೀ.ಗೆ 24, 20ಕ್ಕೆ 12, 30ಕ್ಕೆ 5.4, 50ಕ್ಕೆ ಬರೀ 1.5. ಚರ್ಮದಿಂದ ಐದು ಸೆಂಟಿಮೀಟರ್ ಒಳಗಿರುವ ಗುರಿಯ ಕಥೆ ಇಲ್ಲೇ ಮುಗಿಯಿತು.

ಈಗ ಕಣ. ಮ್ಯಾಗ್ನೆಟೈಟ್‌ನ (ಅದೇ ಕಬ್ಬಿಣದ ಆಕ್ಸೈಡ್) ಸ್ಯಾಚುರೇಷನ್, ಅಂದರೆ ಕಾಂತೀಕರಣದ ಗರಿಷ್ಠ ಮಿತಿ, ಮೀಟರಿಗೆ 446 ಕಿಲೋಆಂಪಿಯರ್. 200 ನ್ಯಾನೋಮೀಟರ್ ಕಣದಲ್ಲಿ ಪಾಲಿಮರ್ ಇದೆ, ಔಷಧಿ ಇದೆ. ಮ್ಯಾಗ್ನೆಟೈಟ್ ಅರ್ಧ ಅಂದುಕೊಳ್ಳಿ: 223. ಕಾಂತದ ಎಳೆತವನ್ನು ಸ್ಟೋಕ್ಸ್ ಡ್ರ್ಯಾಗ್‌ಗೆ (ದ್ರವ ಒಡ್ಡುವ ತಡೆಗೆ) ಸಮ ಮಾಡಿದರೆ:

ಕಣದ ವೇಗ = 2 × (ತ್ರಿಜ್ಯ)² × ಕಾಂತೀಕರಣ × ಗ್ರೇಡಿಯೆಂಟ್ ÷ (9 × ವಿಸ್ಕಾಸಿಟಿ)

ರಕ್ತದ ವಿಸ್ಕಾಸಿಟಿ (ಸ್ನಿಗ್ಧತೆ) 3.5 ಮಿಲಿಪಾಸ್ಕಲ್-ಸೆಕೆಂಡ್ ಹಾಕಿದರೆ ಸೆಕೆಂಡಿಗೆ 1.7 ಮೈಕ್ರೋಮೀಟರ್. ಕಣದ ಸುತ್ತ ನಿಜವಾಗಿ ಇರುವುದು ಪ್ಲಾಸ್ಮಾ, ಹಾಗಾಗಿ ಉದಾರವಾಗಿ 1.2 ಹಾಕಿ: 5 ಮೈಕ್ರೋಮೀಟರ್. ರಕ್ತ ಮಾತ್ರ ಸೆಕೆಂಡಿಗೆ 2,50,000 ಮೈಕ್ರೋಮೀಟರ್ ಓಡುತ್ತಿದೆ.

ಕೊನೆಯದು ಮೇಲ್ಮಿತಿ. ಎಷ್ಟೇ ಹಿಡಿದರೂ ಇದಕ್ಕಿಂತ ಹೆಚ್ಚು ಹಿಡಿಯಲು ಬರುವುದಿಲ್ಲ:

ಹಿಡಿಯುವ ಪಾಲು ≤ ಕಣದ ವೇಗ × ಮ್ಯಾಗ್ನೆಟ್‌ಗೆ ಎದುರಾಗುವ ಗೋಡೆಯ ವಿಸ್ತೀರ್ಣ ÷ ಫ್ಲೋ

ವಿಸ್ತೀರ್ಣ 6 ಮಿ.ಮೀ. × 40 ಮಿ.ಮೀ. ಫ್ಲೋ ಸೆಕೆಂಡಿಗೆ 7 ಮಿ.ಲೀ. (ನಿಮಿಷಕ್ಕೆ 420, ಕೆರೊಟಿಡ್‌ಗೆ ಸರಿಯಾದ ಸಂಖ್ಯೆಯೇ). ಉತ್ತರ 0.00017. ಹತ್ತು ಸಾವಿರ ಕಣ ಬಿಟ್ಟರೆ ಎರಡೂ ಸಿಗಲ್ಲ. ನಿಮಗೆ ಸಿಕ್ಕಿರುವುದು ಆರು ಸಾವಿರ. ಅದು ಮ್ಯಾಗ್ನೆಟ್ ಹಿಡಿದದ್ದಲ್ಲ.

ಎಂಆರ್‌ಐ_ಜಯನಗರ:

ಹಾರ್ಟ್‌ಮನ್ 5ರ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಈ ತಪ್ಪು ಪೇಪರಿಂದ ಪೇಪರಿಗೆ ನಕಲಾಗುತ್ತಲೇ ಇದೆ.

ಹಾರ್ಟ್‌ಮನ್ ಸಂಖ್ಯೆ = ಫೀಲ್ಡ್ × ತ್ರಿಜ್ಯ × √(ವಿದ್ಯುತ್ ವಾಹಕತೆ ÷ ವಿಸ್ಕಾಸಿಟಿ). ರಕ್ತದ ವಾಹಕತೆ ಮೀಟರಿಗೆ ಸುಮಾರು 0.7 ಸೀಮೆನ್ಸ್. ವರ್ಗಮೂಲದ ಬೆಲೆ 14. ಮೂರು ಮಿ.ಮೀ. ತ್ರಿಜ್ಯದ ಕೆರೊಟಿಡ್‌ನಲ್ಲಿ ಹಾರ್ಟ್‌ಮನ್ 5 ಬರಬೇಕಾದರೆ ಫೀಲ್ಡ್ 118 ಟೆಸ್ಲಾ ಇರಬೇಕು. ಆಸ್ಪತ್ರೆಯ ಎಂಆರ್‌ಐ 1.5 ಅಥವಾ 3 ಟೆಸ್ಲಾ. 1.5ರಲ್ಲಿ ಕೆರೊಟಿಡ್‌ನ ಹಾರ್ಟ್‌ಮನ್ 0.064. ಬಲ ಇದರ ವರ್ಗದಂತೆ ಹೋಗುವುದರಿಂದ ಫ್ಲೋ ಮೇಲೆ ಪರಿಣಾಮ ಸಾವಿರಕ್ಕೆ ನಾಲ್ಕರಷ್ಟು. ನಿಮ್ಮ 0.175 ಟೆಸ್ಲಾ ಮ್ಯಾಗ್ನೆಟ್‌ಗೆ ಅದನ್ನು ಲೆಕ್ಕ ಹಾಕುವುದೇ ಬೇಡ. ಲೊರೆಂಟ್ಸ್ ಟರ್ಮ್ ಪೂರ್ತಿ ತೆಗೆದುಹಾಕಿ. ಯಾಕೆ ತೆಗೆದಿರಿ ಅಂತ ರಿಪೋರ್ಟ್‌ನಲ್ಲಿ ಈ ಎರಡು ಸಾಲಿನ ಲೆಕ್ಕ ಬರೆಯಿರಿ.

ಈ ಪರಿಣಾಮ ಕಣ್ಣಿಗೆ ಕಾಣುವ ಜಾಗವೂ ಒಂದಿದೆ. 3 ಟೆಸ್ಲಾ ಸ್ಕ್ಯಾನರ್ ಒಳಗೆ ಮಹಾಧಮನಿಯಲ್ಲಿ ರಕ್ತ ಸೆಕೆಂಡಿಗೆ 1 ಮೀಟರ್ ಹೋಗುವಾಗ 25 ಮಿ.ಮೀ. ಅಗಲಕ್ಕೆ 75 ಮಿಲಿವೋಲ್ಟ್ ಹುಟ್ಟುತ್ತದೆ. ಮೈ ಮೇಲಿನ ಎಲೆಕ್ಟ್ರೋಡ್‌ಗೆ ಮುಟ್ಟುವಷ್ಟರಲ್ಲಿ ಅದು ತುಂಬಾ ಇಳಿದಿರುತ್ತದೆ, ಆದರೂ ಇಸಿಜಿಯ ಟಿ ಅಲೆಯನ್ನು ಎತ್ತಿಬಿಡಲು ಸಾಕು. ಬಡಿತದ ಆರ್ ಅಲೆ ನೋಡಿ ಚಿತ್ರ ತೆಗೆಯುವ ಮೆಷಿನ್ ಕೆಲವೊಮ್ಮೆ ಟಿ ಅಲೆಯನ್ನೇ ಆರ್ ಅಲೆ ಅಂದುಕೊಂಡು ತಪ್ಪು ಕ್ಷಣದಲ್ಲಿ ಟ್ರಿಗರ್ ಆಗುತ್ತದೆ. ರಕ್ತದ ಓಟ ನಿಧಾನವಾಗಲ್ಲ, ವೋಲ್ಟೇಜ್ ಮಾತ್ರ ಬರುತ್ತದೆ. ಹೈಡ್ರೋಮ್ಯಾಗ್ನೆಟಿಕ್ಸ್ (ಕಾಂತಕ್ಷೇತ್ರದಲ್ಲಿ ದ್ರವದ ಹರಿವು) ಪ್ರಾಜೆಕ್ಟ್ ಮಾಡುವ ಆಸೆ ಇದ್ದವರು ಆ ವೋಲ್ಟೇಜ್ ಮಾಡೆಲ್ ಮಾಡಲಿ. ಅದು ಆಸ್ಪತ್ರೆಯಲ್ಲಿ ದಿನಾ ಎದುರಾಗುವ ಸಮಸ್ಯೆ.

ಮೆಶ್_ಮಲ್ಲೇಶ್ವರ:

ಈಗ 60 ಎಲ್ಲಿಂದ ಬಂತು ಅಂತ ಹುಡುಕೋಣ. ಮಾಡಬೇಕಾದ ಮೊದಲ ಕೆಲಸ: ಮ್ಯಾಗ್ನೆಟ್ ಬಲವನ್ನು ಸೊನ್ನೆ ಮಾಡಿ ಅದೇ ಕೇಸ್ ಇನ್ನೊಮ್ಮೆ ಓಡಿಸಿ. ಆಗಲೂ ಕಣ "ಹಿಡಿದರೆ" ಅದು ಬರೀ ಸಂಖ್ಯಾ ದೋಷ. ಅನುಮಾನಿಸಬೇಕಾದ ಜಾಗಗಳು, ನನ್ನ ಪ್ರಕಾರ ಈ ಕ್ರಮದಲ್ಲಿ:

ಎಣಿಕೆ ಹೇಗೆ ಮಾಡಿದ್ದೀರಿ ನೋಡಿ. "ಹೊಕ್ಕಿದ್ದು ಕಳೆ ಹೊರಬಿದ್ದದ್ದು" ಅಂತ ಮಾಡಿದ್ದರೆ, ಓಟ ಮುಗಿದಾಗ ಇನ್ನೂ ನಾಳದೊಳಗೇ ತೇಲುತ್ತಿರುವ ಕಣಗಳೂ ಹಿಡಿದ ಲೆಕ್ಕಕ್ಕೆ ಬರುತ್ತವೆ. ಕವಲಿನ ಉಬ್ಬಿನಲ್ಲಿ ಸುತ್ತುವ ರಕ್ತ ಎರಡು ಮೂರು ಬಡಿತ ಅಲ್ಲೇ ಇರುತ್ತದೆ. ಗೋಡೆಗೆ ಅಂಟಿದ್ದನ್ನು ಮಾತ್ರ ಎಣಿಸಿ, ಅದೂ ಪ್ಯಾಚ್‌ವಾರು (ಗೋಡೆಯ ಒಂದೊಂದು ಭಾಗಕ್ಕೆ ಬೇರೆಬೇರೆಯಾಗಿ).

ಕಣದ ಕ್ಲೌಡ್‌ನ ಸೆಟ್ಟಿಂಗ್‌ನಲ್ಲಿ ವೇಗದ ಇಂಟರ್‌ಪೊಲೇಷನ್ (ಕಣ ಇರುವ ಜಾಗದ ವೇಗ ಅಂದಾಜಿಸುವ ರೀತಿ) "ಸೆಲ್" ಅಂತ ಇದ್ದರೆ "ಸೆಲ್‌ಪಾಯಿಂಟ್" ಮಾಡಿ. ಮೊದಲಿನದರಲ್ಲಿ ಗೋಡೆಯ ಪಕ್ಕದ ಸೆಲ್ ಪೂರ್ತಿ ಒಂದೇ ವೇಗ ಇರುತ್ತದೆ, ಗೋಡೆಯ ಹತ್ತಿರ ಹೋದಂತೆ ಸೊನ್ನೆಗೆ ಇಳಿಯುವುದಿಲ್ಲ. ನಾಳ ಬಾಗಿರುವ ಕಡೆ ಆ ವೇಗ ಸೀದಾ ಗೋಡೆಗೆ ಗುರಿ ಇಟ್ಟಿರುತ್ತದೆ, ಕಣ ಹೋಗಿ ಅಂಟಿಕೊಳ್ಳುತ್ತದೆ.

ಇನ್‌ಲೆಟ್‌ನಲ್ಲಿ ಕಣಗಳನ್ನು ವಿಸ್ತೀರ್ಣಕ್ಕೆ ಸಮನಾಗಿ ಹರಡಿದ್ದೀರಾ? ಗೋಡೆಯ ಬಳಿ ರಕ್ತ ನಿಧಾನ, ನಡುವೆ ಜೋರು. ಪ್ರತಿ ಕಣಕ್ಕೂ ಅದು ಹೊರಟ ಜಾಗದ ವೇಗದಷ್ಟು ತೂಕ ಕೊಡಬೇಕು. ಇಲ್ಲದಿದ್ದರೆ ಗೋಡೆ ಪಕ್ಕದವು ಲೆಕ್ಕದಲ್ಲಿ ಅತಿಯಾಗಿ ತೂಗುತ್ತವೆ.

ಆಮೇಲೆ ಮೆಶ್. ಕಾಂತರೇಖೆ ಅವರ ಸಂಖ್ಯೆ ಬಳಸಿದರೆ, 40 ಮಿ.ಮೀ. ಉದ್ದದಲ್ಲಿ ಮ್ಯಾಗ್ನೆಟ್ ಎಳೆಯಬಲ್ಲ ಪದರದ ದಪ್ಪ ಗೊತ್ತಾಗುತ್ತದೆ: √(2 × ಕಣದ ವೇಗ × ಉದ್ದ ÷ ಗೋಡೆಯ ಶಿಯರ್ ರೇಟ್). ಶಿಯರ್ ರೇಟ್ (ಗೋಡೆಯಿಂದ ದೂರ ಹೋದಂತೆ ವೇಗ ಏರುವ ದರ) ಇಲ್ಲಿ ಸೆಕೆಂಡಿಗೆ ಸುಮಾರು 333. ಬರುವುದು 35 ಮೈಕ್ರೋಮೀಟರ್. ಎಲ್ಲ ಆಟ ನಡೆಯುವುದು ಅಷ್ಟೇ ತೆಳು ಪದರದೊಳಗೆ. 4 ಲಕ್ಷ ಸೆಲ್‌ನ ಮೆಶ್‌ನಲ್ಲಿ ಗೋಡೆ ಪಕ್ಕದ ಒಂದೇ ಸೆಲ್ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ ಇರುತ್ತದೆ. ಮೊದಲ ಪದರ 10 ಮೈಕ್ರೋಮೀಟರ್, ಬೆಳವಣಿಗೆ 1.2, ಒಟ್ಟು 10 ಪದರ ಹಾಕಿ. ಸೇರಿ 260 ಮೈಕ್ರೋಮೀಟರ್ ಆಗುತ್ತದೆ. ಕೊನೆಯ ಪದರ 52, ಅಲ್ಲಿಂದ ಒಳಗಿನ ಮೆಶ್‌ಗೆ ಸಲೀಸಾಗಿ ಹೊಂದಿಸಬಹುದು. ಒಳಗೆ ವ್ಯಾಸಕ್ಕೆ 20 ರಿಂದ 25 ಸೆಲ್.

ಎಸ್‌ಟಿಎಲ್ ಸ್ಮೂತ್ ಮಾಡಲು ಟೌಬಿನ್ ಬಳಸಿ, ಲಾಪ್ಲಾಸಿಯನ್ ಬೇಡ. ಲಾಪ್ಲಾಸಿಯನ್ ನಾಳವನ್ನು ಕುಗ್ಗಿಸುತ್ತದೆ. ತ್ರಿಜ್ಯ ನೂರಕ್ಕೆ 5 ಕುಗ್ಗಿದರೆ ಪ್ರತಿರೋಧ ನೂರಕ್ಕೆ 23 ಏರುತ್ತದೆ, ಗೋಡೆಯ ಶಿಯರ್ ಸ್ಟ್ರೆಸ್ (ರಕ್ತ ಗೋಡೆಯನ್ನು ಉಜ್ಜುವ ಬಲ) ನೂರಕ್ಕೆ 17 ಏರುತ್ತದೆ. ಸ್ಮೂತ್ ಮಾಡುವ ಮೊದಲು, ಆಮೇಲೆ, ಎರಡೂ ಸಲ ಘನಗಾತ್ರ ಅಳೆದಿಡಿ. ಎಸ್‌ಟಿಎಲ್ ಮಿಲಿಮೀಟರ್‌ನಲ್ಲಿ ಬಂದಿರುತ್ತದೆ, ಓಪನ್‌ಫೋಮ್‌ಗೆ ಮೀಟರ್ ಬೇಕು. ಚೆಕ್‌ಮೆಶ್ ತೋರಿಸುವ ಬೌಂಡಿಂಗ್ ಬಾಕ್ಸ್ (ಮಾಡೆಲ್‌ನ ಒಟ್ಟು ಅಳತೆ) ಓದದೆ ಮುಂದೆ ಹೋಗಬೇಡಿ.

ಕಾಂತರೇಖೆ:

ಮೇಲಿನದಕ್ಕೆ ಒಂದು ಸೇರ್ಪಡೆ. ಮ್ಯಾಗ್ನೆಟಿಕ್‌ಫೋಮ್‌ನಿಂದ ಫೀಲ್ಡ್ ತೆಗೆದು, ಕಣಕ್ಕೆ ಓಪನ್‌ಫೋಮ್‌ನಲ್ಲೇ ಇರುವ ಪ್ಯಾರಾಮ್ಯಾಗ್ನೆಟಿಕ್‌ಫೋರ್ಸ್ ಹಾಕಿದ್ದರೆ ಗಮನಿಸಿ: ಅದರೊಳಗೆ ಸ್ಯಾಚುರೇಷನ್ ಇಲ್ಲ. ಸಸೆಪ್ಟಿಬಿಲಿಟಿ (ಎಷ್ಟು ಸುಲಭವಾಗಿ ಕಾಂತವಾಗುತ್ತದೆ ಅನ್ನೋ ಗುಣ) ಎಷ್ಟೇ ದೊಡ್ಡದು ಕೊಟ್ಟರೂ ಗೋಲಾಕಾರದ ಕಣದ ಕಾಂತೀಕರಣ ಫೀಲ್ಡ್‌ನ ಮೂರು ಪಟ್ಟಿನ ಹತ್ತಿರ ಹೋಗುತ್ತದೆ. 20 ಮಿ.ಮೀ. ದೂರದಲ್ಲಿ ಅದು 418 ಕಿಲೋಆಂಪಿಯರ್. ನಿಮ್ಮ ಕಣ ತಾಳುವ ಮಿತಿ 223. ಮ್ಯಾಗ್ನೆಟ್ 10 ಮಿ.ಮೀ.ಗೆ ತಂದರೆ 834, ಅಂದರೆ ಬಲ ನಾಲ್ಕು ಪಟ್ಟು ಹೆಚ್ಚಾಗಿ ಕಾಣುತ್ತದೆ. ಲಾಂಜೆವಿನ್ ಸೂತ್ರ ಹಾಕಿ ಕಾಂತೀಕರಣಕ್ಕೆ ಮಿತಿ ಕೊಡಿ. ಸೋರ್ಸ್ ಕೋಡ್‌ನಲ್ಲಿ ಬದಲಿಸಬೇಕಾದ್ದು ಒಂದೇ ಸಾಲು.

ಇನ್ನೊಂದು: ಈ ಗಾತ್ರದ ಕಣಕ್ಕೆ ಜಡತ್ವ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ಅದರ ರಿಲ್ಯಾಕ್ಸೇಷನ್ ಕಾಲ (ರಕ್ತದ ವೇಗಕ್ಕೆ ಹೊಂದಿಕೊಳ್ಳುವ ಕಾಲ) ಸುಮಾರು 2 ನ್ಯಾನೋಸೆಕೆಂಡ್. ರಕ್ತದ ವೇಗಕ್ಕೆ ಕಾಂತದ ವೇಗ ಕೂಡಿಸಿ ಕಣವನ್ನು ನೇರವಾಗಿ ಸಾಗಿಸಿ, ಅಷ್ಟೇ. ಬ್ರೌನಿಯನ್ (ಅಣುಗಳ ಡಿಕ್ಕಿಯಿಂದಾಗುವ ಚಲನೆ) ಮರೆಯಬೇಡಿ: ಸೆಕೆಂಡಿಗೆ ಸುಮಾರು 1ರಿಂದ 2 ಮೈಕ್ರೋಮೀಟರ್ ಅಲೆದಾಟ, ಕಾಂತದ ಎಳೆತದ ಮಟ್ಟದ್ದೇ. ಅದಕ್ಕಿಂತ ದೊಡ್ಡದು ಕೆಂಪು ರಕ್ತಕಣಗಳ ತಳ್ಳಾಟ. ಈ ಶಿಯರ್ ರೇಟ್‌ನಲ್ಲಿ ಅವು ಉಂಟುಮಾಡುವ ಡಿಫ್ಯೂಷನ್ ಬ್ರೌನಿಯನ್‌ನ ನೂರು ಪಟ್ಟಿಗೂ ಹೆಚ್ಚು. ಗೋಡೆಗೆ ಅಂಟಿದ ಕಣವನ್ನು ಮತ್ತೆ ಕಿತ್ತು ಒಯ್ಯುವುದೂ ಇದೇ. "ಅಂಟಿದರೆ ಅಂಟಿತು" ಅನ್ನುವ ಬೌಂಡರಿ ಕಂಡಿಷನ್ ನಿಮ್ಮ ಪರವಾಗಿ ವಾಲಿದ ಊಹೆ ಅನ್ನೋದನ್ನು ಬರೆದೇ ಹೇಳಬೇಕು.

ವಿಂಡ್‌ಕೆಸೆಲ್_ವಿಜಯನಗರ:

ಮ್ಯಾಗ್ನೆಟ್ ಬಿಡಿ, ರಕ್ತದ ಹರಿವೇ ಇನ್ನೂ ಸರಿಯಿಲ್ಲ. ಎರಡೂ ಔಟ್‌ಲೆಟ್‌ನಲ್ಲಿ ಒತ್ತಡ ಸೊನ್ನೆ ಇಟ್ಟರೆ, ನೀವು ನಾಳವನ್ನು ಎಲ್ಲಿ ಕತ್ತರಿಸಿದಿರಿ ಅನ್ನೋದರ ಮೇಲೆ ಫ್ಲೋ ಹಂಚಿಕೆ ನಿಲ್ಲುತ್ತದೆ. ಒಂದು ಕವಲು ಎರಡು ಸೆಂಟಿಮೀಟರ್ ಗಿಡ್ಡ ಕತ್ತರಿಸಿದರೆ ಅದರಲ್ಲಿ ರಕ್ತ ಹೆಚ್ಚು ಹೋಗುತ್ತದೆ! ದೇಹದಲ್ಲಿ ಹಂಚಿಕೆ ನಿರ್ಧಾರವಾಗುವುದು ಕೆಳಗಿನ ಸಣ್ಣ ನಾಳಗಳ ಪ್ರತಿರೋಧದಿಂದ. ಮಿದುಳಿಗೆ ಹೋಗುವ ಒಳ ಕೆರೊಟಿಡ್‌ಗೆ ಸುಮಾರು 70 ಪಾಲು, ಮುಖಕ್ಕೆ ಹೋಗುವ ಹೊರ ಕೆರೊಟಿಡ್‌ಗೆ 30.

ಮೂರು ಅಂಶದ ವಿಂಡ್‌ಕೆಸೆಲ್ ಹಾಕಿ, ಅಂದರೆ ಕೆಳಗಿನ ನಾಳಗಳನ್ನು ಎರಡು ಪ್ರತಿರೋಧ, ಒಂದು ಕೆಪಾಸಿಟರ್ ಇರುವ ಸರ್ಕ್ಯೂಟ್‌ನಂತೆ ತೋರಿಸುವ ಮಾಡೆಲ್. ಸರಾಸರಿ ಒತ್ತಡ 93 ಮಿ.ಮೀ. ಪಾದರಸ, ಅಂದರೆ 12,400 ಪಾಸ್ಕಲ್. ಒಳ ಕೆರೊಟಿಡ್‌ನ ಒಟ್ಟು ಪ್ರತಿರೋಧ 2.5×10⁹ ಪಾಸ್ಕಲ್-ಸೆಕೆಂಡ್ ಪ್ರತಿ ಘನಮೀಟರ್, ಹೊರದ್ದು 5.8×10⁹. ಅದರಲ್ಲಿ ಹತ್ತನೇ ಒಂದು ಪಾಲು ಔಟ್‌ಲೆಟ್‌ಗೆ ಹತ್ತಿರದ ಪ್ರತಿರೋಧಕ್ಕೆ, ಉಳಿದದ್ದು ದೂರದ್ದಕ್ಕೆ. ಒತ್ತಡ ಇಳಿಯುವ ಕಾಲ 1.5 ಸೆಕೆಂಡ್ ಹಿಡಿದರೆ ಒಳ ಕೆರೊಟಿಡ್‌ನ ಕಂಪ್ಲಯನ್ಸ್ (ನಾಳ ಹಿಗ್ಗುವ ಗುಣ, ಕೆಪಾಸಿಟರ್‌ನ ಬೆಲೆ) 6.7×10⁻¹⁰ ಘನಮೀಟರ್ ಪ್ರತಿ ಪಾಸ್ಕಲ್.

ಯೂನಿಟ್ ಎಚ್ಚರ. ಓಪನ್‌ಫೋಮ್‌ನ ಪಿಂಪಲ್‌ಫೋಮ್ ಸಾಲ್ವರ್‌ನಲ್ಲಿ ಒತ್ತಡ ರಕ್ತದ ಸಾಂದ್ರತೆಯಿಂದ (1060) ಭಾಗಿಸಿದ್ದು; 12,400 ಅಲ್ಲಿ 11.7 ಆಗುತ್ತದೆ, ಪ್ರತಿರೋಧವನ್ನೂ 1060ರಿಂದ ಭಾಗಿಸಬೇಕು. ಸಿಮ್‌ವ್ಯಾಸ್ಕ್ಯುಲರ್‌ನಲ್ಲಿ (ರಕ್ತನಾಳದ ಸಿಮ್ಯುಲೇಷನ್‌ಗೆ ಇರುವ ಇನ್ನೊಂದು ಸಾಫ್ಟ್‌ವೇರ್) ಸಾಮಾನ್ಯವಾಗಿ ಸೆಂಟಿಮೀಟರ್-ಗ್ರಾಂ ಪದ್ಧತಿ, ಅದೇ 2.5×10⁹ ಅಲ್ಲಿ 25,000. ಓಪನ್‌ಫೋಮ್‌ನಲ್ಲಿ ಕೋಡೆಡ್‌ಫಿಕ್ಸೆಡ್‌ವ್ಯಾಲ್ಯೂ ಬರೆದು ಮಾಡಬಹುದು. ಸಿಮ್‌ವ್ಯಾಸ್ಕ್ಯುಲರ್‌ನಲ್ಲಿ ಆರ್‌ಸಿಆರ್ ಅಂತ ಸಿದ್ಧವಾಗಿಯೇ ಇದೆ.

"ಮೂರು ಬಡಿತ ಓಡಿಸಿ ಮೊದಲೆರಡು ಬಿಡಿ" ಅನ್ನುವ ರೂಢಿ ಇಲ್ಲಿ ನಡೆಯಲ್ಲ. ಇಳಿಯುವ ಕಾಲ 1.5 ಸೆಕೆಂಡ್ ಇದ್ದಾಗ, ಒತ್ತಡ ಸೊನ್ನೆಯಿಂದ ಶುರುವಾದರೆ ನೂರಕ್ಕೆ ಒಂದರೊಳಗೆ ಬರಲು 6.9 ಸೆಕೆಂಡ್ ಬೇಕು. ನಿಮಿಷಕ್ಕೆ 72 ಬಡಿತದಂತೆ ಎಂಟರಿಂದ ಒಂಬತ್ತು ಬಡಿತ. ಕಡಿಮೆ ಮಾಡಬೇಕಾ? ಕೆಪಾಸಿಟರ್‌ನ ಆರಂಭದ ಒತ್ತಡವನ್ನೇ 93ರ ಹತ್ತಿರ ಇಡಿ. ಎರಡು ಅಕ್ಕಪಕ್ಕದ ಬಡಿತಗಳ ಒತ್ತಡ ಒಂದರ ಮೇಲೊಂದು ಇಟ್ಟು ನೋಡಿ, ಕೂಡಿಕೊಂಡರೆ ನಿಲ್ಲಿಸಿ.

ಇನ್‌ಲೆಟ್‌ನಲ್ಲಿ ಚಪ್ಪಟೆ ವೇಗ ಕೊಡಬೇಡಿ. ರೆನಾಲ್ಡ್ಸ್ ಸಂಖ್ಯೆ (ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 450 ಇದ್ದಾಗ ಫ್ಲೋ ಬೆಳೆದು ನಿಲ್ಲಲು 16 ಸೆಂಟಿಮೀಟರ್ ಉದ್ದ ಬೇಕು, ನಿಮ್ಮ ಸ್ಕ್ಯಾನ್‌ನಲ್ಲಿ ಅಷ್ಟು ಕತ್ತು ಇರಲ್ಲ. ಕೆರೊಟಿಡ್‌ನ ವೊಮರ್ಸ್‌ಲಿ ಸಂಖ್ಯೆ (ಹರಿವಿನ ಮೇಲೆ ಮಿಡಿತದ ಪ್ರಭಾವದ ಅಳತೆ) 4.5, ವೊಮರ್ಸ್‌ಲಿ ಪ್ರೊಫೈಲ್ ಕೊಡುವುದು ಸರಿ. ಬಡಿತದ ಇಳಿಮುಖದಲ್ಲಿ ಔಟ್‌ಲೆಟ್‌ನಿಂದ ರಕ್ತ ವಾಪಸ್ ಬಂದು ಸಾಲ್ವರ್ ಸಿಡಿದರೆ, ಕವಲುಗಳನ್ನು ವ್ಯಾಸದ ಐದರಿಂದ ಹತ್ತು ಪಟ್ಟು ಉದ್ದ ಮಾಡಿ, ವೇಗಕ್ಕೆ ಇನ್‌ಲೆಟ್‌ಔಟ್‌ಲೆಟ್ ಹಾಕಿ.

ಕೊನೇ_ಸೆಮಿಸ್ಟರ್:

ಎಲ್ಲರಿಗೂ ತುಂಬಾ ಧನ್ಯವಾದ. ಮ್ಯಾಗ್ನೆಟ್ ಸೊನ್ನೆ ಮಾಡಿ ಓಡಿಸಿದ ಫಲಿತಾಂಶ: ನೂರಕ್ಕೆ 57! ಗೋಡೆಗೆ ಅಂಟಿದ್ದನ್ನು ಮಾತ್ರ ಎಣಿಸಿ, ಸೆಲ್‌ಪಾಯಿಂಟ್ ಮಾಡಿ, ತೂಕ ಕೊಟ್ಟ ಮೇಲೆ ನೂರಕ್ಕೆ ಒಂದಕ್ಕಿಂತ ಕೆಳಗೆ ಬಂತು. ಈಗ ಮ್ಯಾಗ್ನೆಟ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಮೆಶ್ ಇನ್ನೂ ಹೊಸದು ಮಾಡಬೇಕು.

ಎರಡು ಪ್ರಶ್ನೆ. ವ್ಯತ್ಯಾಸ ಕಾಣಬೇಕಾದರೆ ಎಷ್ಟು ಕಣ ಬೇಕು? ರಕ್ತಕ್ಕೆ ನ್ಯೂಟೋನಿಯನ್ (ಸ್ಥಿರ ವಿಸ್ಕಾಸಿಟಿ) ಸಾಕಾ, ಕ್ಯಾರೋ (ಶಿಯರ್ ಜೊತೆ ಬದಲಾಗುವ ವಿಸ್ಕಾಸಿಟಿ) ಬೇಕಾ?

ಮೆಶ್_ಮಲ್ಲೇಶ್ವರ:

ನಿರೀಕ್ಷೆ 0.00017 ಇದ್ದಾಗ 10,000 ಕಣದಲ್ಲಿ ಒಂದೋ ಎರಡೋ ಅಂಟುತ್ತವೆ, ಅದು ಎಣಿಕೆಯೇ ಅಲ್ಲ. ನೂರು ಅಂಟಬೇಕು ಅಂದರೆ ಆರು ಲಕ್ಷ ಬಿಡಬೇಕು, ಆಗ ಅನಿಶ್ಚಿತತೆ ನೂರಕ್ಕೆ 10. ಇನ್ನೂ ಜಾಣತನ ಅಂದರೆ ಗೋಡೆಯಿಂದ 100 ಮೈಕ್ರೋಮೀಟರ್ ಒಳಗಿನ ಉಂಗುರದಲ್ಲಿ ಮಾತ್ರ ಕಣ ಬಿಡುವುದು, ಆ ಉಂಗುರದ ಫ್ಲೋ ಒಟ್ಟು ಫ್ಲೋನಲ್ಲಿ ಎಷ್ಟು ಪಾಲೋ ಅದರಿಂದ ಗುಣಿಸುವುದು. ನಡುವಿನ ಕಣ ಹೇಗೂ ಗೋಡೆ ಮುಟ್ಟಲ್ಲ. ಕವಲಿನ ತುದಿಯಲ್ಲಿ ಮಾತ್ರ ನಡುವಿನ ರಕ್ತ ಗೋಡೆಗೆ ಬಂದು ಬೀಳುತ್ತದೆ, ಅಲ್ಲಿಗೆ ನಡುವಿನ ಸಮತಲದಲ್ಲಿ ಇನ್ನೊಂದು ತೆಳು ಪಟ್ಟಿ ಕಣ ಸೇರಿಸಿ.

ಕ್ಯಾರೋ ಬಗ್ಗೆ: ಕೆರೊಟಿಡ್‌ನ ಬಹುಭಾಗದಲ್ಲಿ ಶಿಯರ್ ರೇಟ್ 100ರ ಮೇಲಿದೆ, ಅಲ್ಲಿ ವ್ಯತ್ಯಾಸ ಸಣ್ಣದು. ಉಬ್ಬಿನಲ್ಲಿ ಸುತ್ತುವ ರಕ್ತಕ್ಕೆ ವ್ಯತ್ಯಾಸ ಇದೆ. ಓಪನ್‌ಫೋಮ್‌ನ ಬರ್ಡ್‌ಕ್ಯಾರೋಗೆ ಸಾಮಾನ್ಯವಾಗಿ ಬಳಸುವ ಬೆಲೆಗಳು: ಸೊನ್ನೆ ಶಿಯರ್‌ನಲ್ಲಿ 0.056, ಹೆಚ್ಚಿನ ಶಿಯರ್‌ನಲ್ಲಿ 0.0035 ಪಾಸ್ಕಲ್-ಸೆಕೆಂಡ್, ಕಾಲ 3.313 ಸೆಕೆಂಡ್, ಘಾತ 0.3568. ಮೊದಲೆರಡನ್ನು 1060ರಿಂದ ಭಾಗಿಸಿ ಹಾಕಿ: 5.28×10⁻⁵, 3.3×10⁻⁶. ಖರ್ಚು ಹೆಚ್ಚೇನಿಲ್ಲ, ಹಾಕಿಬಿಡಿ.

ಮೆಶ್ ಮೂರು ಮಾಡಿ, ಪ್ರತಿ ಸಲ ಸೆಲ್ ಅಳತೆ ಕನಿಷ್ಠ 1.3 ಪಟ್ಟು ಬದಲಾಗಲಿ. ಒತ್ತಡ ಬೇಗ ಸ್ಥಿರವಾಗುತ್ತದೆ, ಅದನ್ನು ನೋಡಿ ಮೆಶ್ ಸಾಕು ಅನ್ನಬೇಡಿ. ಗೋಡೆಯ ಶಿಯರ್ ಸ್ಟ್ರೆಸ್ ಸ್ಥಿರವಾಗಲಿ, ಕೊನೆಗೆ ಕಣದ ಎಣಿಕೆ ಸ್ಥಿರವಾಗಲಿ. ಮೆಮೊರಿ ಹತ್ತು ಲಕ್ಷ ಸೆಲ್‌ಗೆ ಸುಮಾರು 1 ಜಿಬಿ. ಎಸ್‌ಪಿ ರೋಡ್‌ನಲ್ಲಿ ಮೆಷಿನ್ ಜೋಡಿಸುವುದಾದರೆ ಕೋರ್ ಸಂಖ್ಯೆಗೆ ಮರುಳಾಗಬೇಡಿ, ಮೆಮೊರಿ ಚಾನೆಲ್ ಎಷ್ಟು ಅಂತ ಕೇಳಿ, ಎಲ್ಲ ಚಾನೆಲ್ ತುಂಬಿಸಿ. ಸಿಎಫ್‌ಡಿ (ಹರಿವಿನ ಸಿಮ್ಯುಲೇಷನ್) ಮೆಮೊರಿಯ ವೇಗದ ಮೇಲೆ ನಿಂತಿರುತ್ತದೆ, ಎರಡು ಚಾನೆಲ್ ಮೆಷಿನ್‌ನಲ್ಲಿ ಎಂಟು ಕೋರ್ ದಾಟಿದ ಮೇಲೆ ಲಾಭ ಕಡಿಮೆ. ಕರೆಂಟ್ ಹೋಗುವ ಏರಿಯಾ ಆದರೆ ಬಡಿತಕ್ಕೆ ನಾಲ್ಕು ಸಲವಾದರೂ ಬರೆದಿಡಿ, ಇತ್ತೀಚಿನ ಎರಡು ಮಾತ್ರ ಉಳಿಯುವಂತೆ ಪರ್ಜ್‌ರೈಟ್ 2 ಮಾಡಿ. ವಿಂಡ್‌ಕೆಸೆಲ್‌ನ ಸ್ಥಿತಿಯನ್ನೂ ಫೈಲ್‌ಗೆ ಬರೆಯಬೇಕು. ಇಲ್ಲದಿದ್ದರೆ ಮರು ಆರಂಭದಲ್ಲಿ ಒತ್ತಡ ಮತ್ತೆ ಮೊದಲಿನಿಂದ ಏರುತ್ತದೆ.

ಗಾಂಧಿಬಜಾರ್_ಓದುಗ:

ನಡುವೆ ಬಂದಿದ್ದಕ್ಕೆ ಕ್ಷಮೆ ಇರಲಿ. ಮ್ಯಾಗ್ನೆಟ್ ಬ್ರೇಸ್ಲೆಟ್, ಮ್ಯಾಗ್ನೆಟ್ ಹಾಸಿಗೆ ಮಾರುವವರು "ರಕ್ತದಲ್ಲಿ ಕಬ್ಬಿಣ ಇದೆ, ಮ್ಯಾಗ್ನೆಟ್ ಅದನ್ನು ಎಳೆದು ರಕ್ತಸಂಚಾರ ಹೆಚ್ಚಿಸುತ್ತದೆ" ಅನ್ನುತ್ತಾರೆ. ಈ ಲೆಕ್ಕದಲ್ಲಿ ಅದಕ್ಕೆ ಏನು ಉತ್ತರ?

ಕಾಂತರೇಖೆ:

ಒಳ್ಳೇ ಪ್ರಶ್ನೆ, ಅದೇ ಸೂತ್ರಕ್ಕೆ ಹಾಕಿ ನೋಡೋಣ. ಹಿಮೋಗ್ಲೋಬಿನ್‌ನ ಕಬ್ಬಿಣ ಮೊಳೆಯ ಕಬ್ಬಿಣದಂತೆ ಮ್ಯಾಗ್ನೆಟ್‌ಗೆ ಅಂಟುವಂಥದ್ದಲ್ಲ. ಆಮ್ಲಜನಕ ಹೊತ್ತ ರಕ್ತವನ್ನು ಮ್ಯಾಗ್ನೆಟ್ ಬಹಳ ಸ್ವಲ್ಪ ತಳ್ಳುತ್ತದೆ, ಆಮ್ಲಜನಕ ಬಿಟ್ಟದ್ದನ್ನು ಸ್ವಲ್ಪ ಎಳೆಯುತ್ತದೆ. ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ಇದನ್ನು ಅಳೆದಿದ್ದರು. ಪೂರ್ತಿ ಆಮ್ಲಜನಕ ಬಿಟ್ಟ ಕೆಂಪುಕಣಕ್ಕೂ ಸುತ್ತಲಿನ ದ್ರವಕ್ಕೂ ಸಸೆಪ್ಟಿಬಿಲಿಟಿ ವ್ಯತ್ಯಾಸ ಹತ್ತು ಲಕ್ಷಕ್ಕೆ 3.4ರಷ್ಟು. ಮೇಲೆ ಹೇಳಿದ ದೈತ್ಯ ಎನ್52 ಮ್ಯಾಗ್ನೆಟ್‌ನಿಂದ 10 ಮಿ.ಮೀ. ದೂರದಲ್ಲಿ ಒಂದು ಕೆಂಪುಕಣದ ಮೇಲಿನ ಎಳೆತ ಸುಮಾರು 2 ಫೆಮ್ಟೋನ್ಯೂಟನ್. ಅದೇ ಕಣವನ್ನು ಪ್ಲಾಸ್ಮಾದಲ್ಲಿ ಕೆಳಗೆ ಎಳೆಯುವ ಭೂಮಿಯ ಗುರುತ್ವವೇ ಅದರ ಮೂವತ್ತು ಪಟ್ಟು. ಸೆಕೆಂಡಿಗೆ ಒಂದು ಮಿ.ಮೀ. ಹರಿಯುವ ರಕ್ತದ ಡ್ರ್ಯಾಗ್ ಮೂವತ್ತು ಸಾವಿರ ಪಟ್ಟು. ಬ್ರೇಸ್ಲೆಟ್‌ನ ಮ್ಯಾಗ್ನೆಟ್ ಇದರ ಹತ್ತಿರಕ್ಕೂ ಬರಲ್ಲ. ರಕ್ತಸಂಚಾರ ಬದಲಾಗುವುದಿಲ್ಲ. ಆ ಹಣ ಕೊಡಬೇಡಿ. ಪೇಸ್‌ಮೇಕರ್ ಇರುವವರಂತೂ ಮ್ಯಾಗ್ನೆಟ್ ಹಾಸಿಗೆಯಿಂದ ದೂರ ಇರಬೇಕು.

ಮ್ಯಾಗ್ನೆಟಿಕ್ ಚಿಕಿತ್ಸೆ ಎಂದು ಒಪ್ಪಿಗೆ ಪಡೆದದ್ದೂ ಇದೆ. ನಿಮ್ಹಾನ್ಸ್‌ನಲ್ಲಿ ಕೊಡುವ ಟಿಎಂಎಸ್ (ಕಾಂತದ ಮಿಡಿತದಿಂದ ಮಿದುಳನ್ನು ಉತ್ತೇಜಿಸುವುದು) ಉದಾಹರಣೆಗೆ ತಗೊಳ್ಳಿ. 1985ರಲ್ಲಿ ಬಾರ್ಕರ್ ಮತ್ತು ಸಂಗಡಿಗರು ಶೆಫೀಲ್ಡ್‌ನಲ್ಲಿ ತೋರಿಸಿದ ವಿಧಾನ. ಅಲ್ಲಿ ಯಾವುದನ್ನೂ ಎಳೆಯುವುದಿಲ್ಲ. ಒಂದೂವರೆ-ಎರಡು ಟೆಸ್ಲಾ ಫೀಲ್ಡ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಏರಿ ಇಳಿದಾಗ ಮಿದುಳಿನಲ್ಲಿ ಮೀಟರಿಗೆ 100 ವೋಲ್ಟ್ ಆಸುಪಾಸಿನ ವಿದ್ಯುತ್ ಕ್ಷೇತ್ರ ಹುಟ್ಟಿ ನರಕೋಶಗಳು ಕೆಲಸಕ್ಕೆ ಇಳಿಯುತ್ತವೆ. ನಿಂತ ಮ್ಯಾಗ್ನೆಟ್‌ನಿಂದ ಇದು ಆಗಲ್ಲ.

ತಾಪ42:

ಕೊನೇ_ಸೆಮಿಸ್ಟರ್ ಅವರೇ, ಕೆರೊಟಿಡ್ ಬಿಟ್ಟು ವಿಷಯ ಬದಲಿಸುವ ಅವಕಾಶ ಇದ್ದರೆ ಹೈಪರ್‌ಥರ್ಮಿಯಾ ನೋಡಿ. ಕಣವನ್ನು ಗಡ್ಡೆಯೊಳಕ್ಕೇ ಸೂಜಿಯಲ್ಲಿ ಬಿಟ್ಟು, ಹೊರಗಿನ ಏರಿಳಿಯುವ ಫೀಲ್ಡ್‌ನಿಂದ ಬಿಸಿ ಮಾಡುವುದು. ರಕ್ತದ ಹರಿವಿನ ಪಾತ್ರ ಇಲ್ಲಿ ತುಂಬಾ ಸ್ಪಷ್ಟ: ಅದು ಬಿಸಿಯನ್ನು ಹೊತ್ತೊಯ್ಯುತ್ತದೆ.

1948ರ ಪೆನ್ನೆಸ್ ಸಮೀಕರಣದಿಂದ (ಅಂಗಾಂಶದಲ್ಲಿ ಬಿಸಿ ಹರಡುವ ಲೆಕ್ಕ) ಕೈಲೆಕ್ಕ. ಒಂದು ಸೆಂಟಿಮೀಟರ್ ತ್ರಿಜ್ಯದ ಗಡ್ಡೆ, ಉಷ್ಣವಾಹಕತೆ 0.5. ಮಧ್ಯದಲ್ಲಿ 6 ಡಿಗ್ರಿ ಏರಬೇಕು. ರಕ್ತಸಂಚಾರ ಇಲ್ಲ ಅಂದುಕೊಂಡರೆ ಘನ ಸೆಂಟಿಮೀಟರಿಗೆ 0.06 ವ್ಯಾಟ್ ಸಾಕು. ಪರ್ಫ್ಯೂಷನ್ (ಅಂಗಾಂಶದೊಳಗೆ ರಕ್ತ ಹರಿಯುವ ದರ) ಸೆಕೆಂಡಿಗೆ 0.005 ಹಾಕಿದರೆ 0.2 ವ್ಯಾಟ್ ಬೇಕು. ಕಬ್ಬಿಣದ ಪ್ರತಿ ಗ್ರಾಂಗೆ 100 ವ್ಯಾಟ್ ಕೊಡುವ ಕಣವಾದರೆ ಘನ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕಬ್ಬಿಣ.

ಇಲ್ಲಿ ಎಡವುವುದು ಫೀಲ್ಡ್ ಆಯ್ಕೆಯಲ್ಲಿ. 100 ಕಿಲೋಹರ್ಟ್ಸ್, ಮೀಟರಿಗೆ 15 ಕಿಲೋಆಂಪಿಯರ್ ಅಂತ ಇಟ್ಟರೆ ಗಡ್ಡೆ ಬಿಸಿಯಾಗುತ್ತದೆ. ಜೊತೆಗೆ 10 ಸೆಂಟಿಮೀಟರ್ ತ್ರಿಜ್ಯದ ಆರೋಗ್ಯವಂತ ಅಂಗಾಂಶದಲ್ಲೂ ಎಡ್ಡಿ ಕರೆಂಟ್ (ಏರಿಳಿಯುವ ಫೀಲ್ಡ್ ಹುಟ್ಟಿಸುವ ಸುಳಿ ವಿದ್ಯುತ್) ಓಡಿ ಘನ ಸೆಂಟಿಮೀಟರಿಗೆ 0.05 ವ್ಯಾಟ್ ಹುಟ್ಟುತ್ತದೆ. ಗಡ್ಡೆಗೆ ಕೊಡುವುದರ ಕಾಲು ಭಾಗ! ಬ್ರೆಜೊವಿಚ್ ಮಿತಿಯಂತೆ ಫೀಲ್ಡ್ ಮತ್ತು ಫ್ರೀಕ್ವೆನ್ಸಿಯ ಗುಣಲಬ್ಧ 4.85×10⁸ ದಾಟಬಾರದು, ಅಂದರೆ 100 ಕಿಲೋಹರ್ಟ್ಸ್‌ಗೆ ಸುಮಾರು 4.85 ಕಿಲೋಆಂಪಿಯರ್. ಚಿಕ್ಕ ಜಾಗಕ್ಕೆ ಮಾತ್ರ ಫೀಲ್ಡ್ ಕೊಟ್ಟರೆ ಹತ್ತು ಪಟ್ಟು ತನಕ ಹೋಗಬಹುದು ಅನ್ನುವ ಸಡಿಲ ಮಿತಿಯೂ ಬಳಕೆಯಲ್ಲಿದೆ. ಮಾಡೆಲ್‌ನಲ್ಲಿ ಕಣದ ಬಿಸಿ, ಎಡ್ಡಿ ಕರೆಂಟ್ ಬಿಸಿ ಎರಡನ್ನೂ ಹಾಕಿ. ಒಂದನ್ನೇ ಹಾಕಿದ ಮಾಡೆಲ್ ಅಪಾಯಕಾರಿ ಸಲಹೆ ಕೊಡುತ್ತದೆ.

ಪೀಣ್ಯ_ಬೆಂಚ್:

ಸಿಮ್ಯುಲೇಷನ್ ಜೊತೆ ಟೇಬಲ್ ಮೇಲೆ ಒಂದು ಪರೀಕ್ಷೆ ಮಾಡಿದರೆ ಪ್ರಾಜೆಕ್ಟ್‌ಗೆ ಬಲ ಬರುತ್ತದೆ. ರಕ್ತದ ಬದಲು ನೀರು-ಗ್ಲಿಸರಿನ್: ತೂಕದಲ್ಲಿ 40 ಪಾಲು ಗ್ಲಿಸರಿನ್, 20 ಡಿಗ್ರಿಯಲ್ಲಿ 3.7 ಮಿಲಿಪಾಸ್ಕಲ್-ಸೆಕೆಂಡ್. ತಾಪಮಾನ ಅಳೆದು ಬರೆದಿಡಿ, ಐದು ಡಿಗ್ರಿ ಏರಿದರೆ ವಿಸ್ಕಾಸಿಟಿ ನೂರಕ್ಕೆ ಹತ್ತಕ್ಕೂ ಹೆಚ್ಚು ಇಳಿಯುತ್ತದೆ.

ಪಾರದರ್ಶಕ ಸಿಲಿಕೋನ್ ಮಾಡೆಲ್‌ನಲ್ಲಿ ಕ್ಯಾಮೆರಾದಿಂದ ವೇಗ ಅಳೆಯುವುದಾದರೆ ಈ ಮಿಶ್ರಣ ಸಾಲದು. ಸಿಲಿಕೋನ್‌ನ ವಕ್ರೀಭವನ ಸೂಚ್ಯಂಕ 1.41, ಅದಕ್ಕೆ ಹೊಂದಲು 60 ಪಾಲು ಗ್ಲಿಸರಿನ್ ಬೇಕು, ಆಗ ವಿಸ್ಕಾಸಿಟಿ 10.8ಕ್ಕೆ ಏರುತ್ತದೆ. ರೆನಾಲ್ಡ್ಸ್ ಉಳಿಸಲು ವೇಗ 2.8 ಪಟ್ಟು ಮಾಡಿ, ವೊಮರ್ಸ್‌ಲಿ ಉಳಿಸಲು ಬಡಿತದ ವೇಗವನ್ನೂ 2.8 ಪಟ್ಟು ಮಾಡಿ. ಒಂದು ಬಡಿತ 0.83 ಸೆಕೆಂಡ್ ಇದ್ದದ್ದು 0.29 ಆಗುತ್ತದೆ. ಪೆರಿಸ್ಟಾಲ್ಟಿಕ್ ಪಂಪ್‌ಗೆ ತನ್ನದೇ ಮಿಡಿತ ಇದೆ, ಪಂಪ್ ಆದ ಮೇಲೆ ಅರ್ಧ ಗಾಳಿ ತುಂಬಿದ ಮುಚ್ಚಿದ ಬಾಟಲಿ ಜೋಡಿಸಿದರೆ ಅದು ತಗ್ಗುತ್ತದೆ.

40 ಮಿ.ಮೀ. ಎನ್52 ಹಗುರವಾಗಿ ತಗೊಳ್ಳೋ ವಸ್ತುವಲ್ಲ. ಎರಡು ಮ್ಯಾಗ್ನೆಟ್ ಒಟ್ಟಿಗೆ ಟೇಬಲ್ ಮೇಲೆ ಇಡಬೇಡಿ, ನಡುವೆ ಬೆರಳು ಸಿಕ್ಕರೆ ಮೂಳೆ ಮುರಿಯುತ್ತದೆ. ಮರದ ಅಥವಾ ಅಲ್ಯೂಮಿನಿಯಂ ಹೋಲ್ಡರ್ ಮಾಡಿಸಿ, ಸ್ಟೀಲ್ ಸ್ಟ್ಯಾಂಡ್ ಬೇಡ; ಅದು ಫೀಲ್ಡ್ ಅನ್ನೂ ತಿರುಚುತ್ತದೆ. ಹಾಲ್ ಪ್ರೋಬ್‌ನಲ್ಲಿ 10, 20, 30 ಮಿ.ಮೀ. ದೂರದ ಫೀಲ್ಡ್ ಅಳೆದು ಕಾಂತರೇಖೆ ಕೊಟ್ಟ ಸಂಖ್ಯೆಗಳ ಜೊತೆ ಹೋಲಿಸಿ. ಅಳತೆ ಅದಕ್ಕಿಂತ ನೂರಕ್ಕೆ 10ಕ್ಕೂ ಹೆಚ್ಚು ಕಮ್ಮಿ ಬಂದರೆ ಮಾರಿದವರು ಹೇಳಿದ ಗ್ರೇಡ್ ಅಲ್ಲದಿರಬಹುದು.

ಕೊನೇ_ಸೆಮಿಸ್ಟರ್:

ವಿಷಯ ಪೂರ್ತಿ ಬದಲಿಸಲು ಸಮಯ ಇಲ್ಲ ಸರ್. ಔಷಧಿ ಗುರಿ ಮುಟ್ಟಿಸುವುದನ್ನೇ ಉಳಿಸಿಕೊಂಡು ಬೇರೆ ಯಾವ ನಾಳ ತಗೊಂಡರೆ ಅರ್ಥ ಇದೆ?

ಕಾಂತರೇಖೆ:

ಸಣ್ಣ ನಾಳ, ಚರ್ಮಕ್ಕೆ ಹತ್ತಿರದ ಗಡ್ಡೆ. ಅದೇ ಮೇಲ್ಮಿತಿ ಸೂತ್ರ ಕ್ಯಾಪಿಲರಿಗೆ ಹಾಕಿ: 8 ಮೈಕ್ರೋಮೀಟರ್ ವ್ಯಾಸ, 1 ಮಿ.ಮೀ. ಉದ್ದ, ಸೆಕೆಂಡಿಗೆ 0.5 ಮಿ.ಮೀ. ವೇಗ, 20 ಮಿ.ಮೀ. ಆಳ. ಉತ್ತರ 1.6 ಬರುತ್ತದೆ. ಒಂದು ದಾಟಿತು ಅಂದರೆ ಹೊಕ್ಕ ಕಣಗಳಲ್ಲಿ ಬಹುಪಾಲು ಗೋಡೆಗೆ ಬರಬಹುದು. ಕೆರೊಟಿಡ್‌ಗೂ ಇದಕ್ಕೂ ಸುಮಾರು ಹತ್ತು ಸಾವಿರ ಪಟ್ಟು ಅಂತರ, ಮ್ಯಾಗ್ನೆಟ್ ಅದೇ. 1996ರಲ್ಲಿ ಪ್ರಕಟವಾದ ಲ್ಯೂಬೆ ಮತ್ತು ಸಂಗಡಿಗರ 14 ರೋಗಿಗಳ ಮೊದಲ ಹಂತದ ಪ್ರಯೋಗದಿಂದ ಇಲ್ಲಿಯವರೆಗೆ ಈ ಕ್ಷೇತ್ರ ಹೆಚ್ಚಾಗಿ ಹೊರಮೈಗೆ ಹತ್ತಿರದ ಗಡ್ಡೆಗಳ ಸುತ್ತ ತಿರುಗುತ್ತಿರುವುದಕ್ಕೆ ಕಾರಣ ಈ ಲೆಕ್ಕದಲ್ಲೇ ಇದೆ. ಹೊರಗಿನ ನಿಂತ ಮ್ಯಾಗ್ನೆಟ್ ದೇಹದೊಳಗಿನ ಒಂದು ಬಿಂದುವಿನಲ್ಲಿ ಕಣಗಳನ್ನು ಕೂಡಿಸಲಾರದು. ಎಳೆತ ಯಾವಾಗಲೂ ಮ್ಯಾಗ್ನೆಟ್ ಕಡೆಗೇ. ಆಳದ ಗಡ್ಡೆಗೆ ಹೋಗಬೇಕಾದ ಕಣ ದಾರಿಯಲ್ಲಿ ಚರ್ಮದ ಕೆಳಗಿನ ಸಣ್ಣ ನಾಳಗಳಲ್ಲೇ ನಿಲ್ಲುತ್ತದೆ.

ಕೆಲಸವನ್ನು ಎರಡು ಪಾಲು ಮಾಡಿ. ಮೊದಲ ಪಾಲು, ಈಗಿರುವ ಕೆರೊಟಿಡ್ ಮಾಡೆಲ್ ವಿಂಡ್‌ಕೆಸೆಲ್ ಸಮೇತ ಇರಲಿ. ಅದರಿಂದ ಹೊರ ಕೆರೊಟಿಡ್‌ಗೆ ಎಷ್ಟು ಪಾಲು ಕಣ ಹೋಗುತ್ತದೆ ಅನ್ನೋದು ಸಿಗುತ್ತದೆ. ಎರಡನೇ ಪಾಲು, 8ರಿಂದ 100 ಮೈಕ್ರೋಮೀಟರ್ ನಾಳಗಳ ಒಂದು ಸಣ್ಣ ಜಾಲ, ಪ್ರತಿ ನಾಳವೂ ಒಂದು ಪ್ರತಿರೋಧ. ಇಲ್ಲಿ 3.5 ಅನ್ನುವ ವಿಸ್ಕಾಸಿಟಿ ನಡೆಯಲ್ಲ: 300 ಮೈಕ್ರೋಮೀಟರ್‌ಗಿಂತ ಕಿರಿದಾದ ನಾಳದಲ್ಲಿ ರಕ್ತದ ತೋರಿಕೆ ವಿಸ್ಕಾಸಿಟಿ ವ್ಯಾಸದ ಜೊತೆ ಇಳಿಯುತ್ತದೆ, 1931ರ ಫೊರಿಯಸ್-ಲಿಂಡ್‌ಕ್ವಿಸ್ಟ್ ಪರಿಣಾಮ. ಅದಕ್ಕೆ ಪ್ರೀಸ್ ಕೊಟ್ಟ ಸೂತ್ರ ಬಳಸಿ. ಪ್ರತಿ ನಾಳಕ್ಕೂ ಮೇಲ್ಮಿತಿ ಲೆಕ್ಕ ಹಾಕಿ, ಆಳದ ಜೊತೆ ಗ್ರೇಡಿಯೆಂಟ್ ಬದಲಿಸುತ್ತಾ ಹೋಗಿ. ಪೈಥಾನ್‌ನಲ್ಲಿ ಇನ್ನೂರು ಸಾಲಿನ ಕೆಲಸ, ದೊಡ್ಡ ಮೆಷಿನ್ ಬೇಡ.

ಒಂದು ಟರ್ಮ್ ಬಿಡಬೇಡಿ: ಸಿರೆಯ ಮೂಲಕ ಕೊಟ್ಟ ಕಣಗಳನ್ನು ಪಿತ್ತಜನಕಾಂಗ, ಗುಲ್ಮ ಎರಡೂ ಬೇಗ ಎತ್ತಿಕೊಳ್ಳುತ್ತವೆ. ಹೃದಯ ನಿಮಿಷಕ್ಕೆ 5 ಲೀಟರ್ ತಳ್ಳುವಾಗ ಒಂದು ಕೆರೊಟಿಡ್‌ಗೆ ಬರುವುದು ನೂರಕ್ಕೆ 8, ಹೊರ ಕವಲಿಗೆ ಎರಡೂವರೆ. ಸಿರೆಯ ಇಂಜೆಕ್ಷನ್, ಗಡ್ಡೆಗೆ ಹೋಗುವ ಧಮನಿಗೇ ಇಂಜೆಕ್ಷನ್, ಎರಡು ಸನ್ನಿವೇಶವನ್ನೂ ಓಡಿಸಿ ಪಕ್ಕಪಕ್ಕ ಗ್ರಾಫ್ ಹಾಕಿ.

ವಿಂಡ್‌ಕೆಸೆಲ್_ವಿಜಯನಗರ:

ಜಾಲದ ಮಾಡೆಲ್ ಮಾಡಿದ ಮೇಲೆ ಅದರ ಒಟ್ಟು ಪ್ರತಿರೋಧವನ್ನು ಹೊರ ಕೆರೊಟಿಡ್‌ನ ವಿಂಡ್‌ಕೆಸೆಲ್‌ಗೆ ಪರ್ಯಾಯವಾಗಿ ಹಾಕಿಬಿಡಬೇಡಿ. ಗಡ್ಡೆ ಆ ಕವಲಿನ ಒಂದು ಚಿಕ್ಕ ಶಾಖೆ ಮಾತ್ರ. ಸಮಾನಾಂತರವಾಗಿ ಸೇರಿಸಿ, ಒಟ್ಟು 5.8×10⁹ ಹಾಗೇ ಉಳಿಯುವಂತೆ ಮಿಕ್ಕ ಶಾಖೆಯ ಪ್ರತಿರೋಧ ತಿದ್ದಿ. ಕೇಸ್ ಫೈಲ್ ಇಲ್ಲಿ ಹಾಕಿದರೆ ಯೂನಿಟ್ ಎಲ್ಲ ಒಂದು ಸಲ ನೋಡಿಕೊಡ್ತೀನಿ.